ಬಿಡುವಿನ ಹೊತ್ತು ಯಾರ ಸ್ವತ್ತು?

ದುಡಿಯುವ ಮನುಷ್ಯನಿಗೆ ಬಿಡುವೆಂಬುದು ಯಾರೂ ದಾನವಾಗಿ ಕೊಟ್ಟದ್ದಲ್ಲ. 1886ರ ಮೇ ತಿಂಗಳಲ್ಲಿ ಅಮೆರಿಕದ ಷಿಕಾಗೋ ನಗರದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ದುಡಿಮೆಯೆಂದು ಹಟ ಹಿಡಿದು ಬೀದಿಗಿಳಿದರು. ಅವರ ಮುಂದಾಳುಗಳಲ್ಲಿ ನಾಲ್ವರು ಮರುವರ್ಷ ಗಲ್ಲಿಗೇರಿದರು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಎಂಟು ಗಂಟೆಯ ದಿನವನ್ನು ಒಪ್ಪಿತು. ಆದರೆ ಪರರ ಆಳ್ವಿಕೆಯಲ್ಲಿದ್ದ ನಮ್ಮ ದೇಶಕ್ಕೆ ಮಾತ್ರ ಬೇರೆ ಅಳತೆಗೋಲು. 1922ರ ಕಾರ್ಖಾನೆ ಕಾನೂನಿನಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, ಕೊನೆಗೆ 1948ರ ಕಾಯ್ದೆಯ ಹೊತ್ತಿಗೆ 48. ವಾರಕ್ಕೆ ಹನ್ನೆರಡು ಗಂಟೆಯ ಬಿಡುವನ್ನು ಗಳಿಸಲು ಈ ದೇಶದ ಕೂಲಿಕಾರನಿಗೆ ಇಪ್ಪತ್ತಾರು ವರ್ಷ ಬೇಕಾಯಿತು. ಎಷ್ಟು ಮುಷ್ಕರ, ಎಷ್ಟು ಲಾಠಿ ಪೆಟ್ಟು, ಎಷ್ಟು ಮನೆಗಳಲ್ಲಿ ಒಲೆ ಉರಿಯದ ದಿನಗಳು ಆ ಲೆಕ್ಕದಲ್ಲಿ ಅಡಗಿವೆಯೆಂಬುದನ್ನು ಗಿರಣಿ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ.

ಹಾಗೆ ಗಳಿಸಿದ ಹೊತ್ತನ್ನು ಕಾಯುವುದು ಗಳಿಸಿದಷ್ಟೇ ಕಷ್ಟದ ಕೆಲಸ. 2023ರಲ್ಲಿ ನಮ್ಮ ರಾಜ್ಯವೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ಮಾಲಿಕರಿಗೆ ದಾರಿ ಮಾಡಿಕೊಟ್ಟಿತು. ಅದನ್ನು ಕಾರ್ಮಿಕ ಸಂಘಗಳು ವಿರೋಧಿಸಿದುವು, ವಿರೋಧಿಸಲೇಬೇಕಾಗಿತ್ತು. ಆದರೆ ಗಿರಣಿಯ ಬಾಗಿಲಲ್ಲಿ ನಾವು ಕಾವಲು ನಿಂತಿರುವಾಗ ಮನೆಯ ಹಿತ್ತಿಲಿನಿಂದ ಇನ್ನೊಂದು ಕಳವು ನಡೆದಿದೆ. ದುಡಿಮೆ ಮುಗಿದ ಮೇಲೆ, ಶಾಲೆ ಬಿಟ್ಟ ಮೇಲೆ, ಅಂಗಡಿಯ ಬಾಗಿಲು ಹಾಕಿದ ಮೇಲೆ ನಮ್ಮ ಮಕ್ಕಳಿಗೆಂದು ಉಳಿಯುವ ನಾಲ್ಕಾರು ಗಂಟೆಗಳನ್ನು ಅಂಗೈಯಗಲದ ಒಂದು ಯಂತ್ರವು ನುಂಗುತ್ತಿದೆ. ಬಿಡುವನ್ನಷ್ಟೇ ಅಲ್ಲದೆ ನಿದ್ರೆಯನ್ನೂ ನುಂಗತೊಡಗಿದೆ. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಆ ಕಳವಿನ ವಿಚಾರ.

ನಮ್ಮ ಪಟ್ಟಣದ ಯಾವುದೇ ಚಹದಂಗಡಿಯ ಮುಂದೆ ಸಂಜೆ ಹೊತ್ತು ನಿಂತು ನೋಡಿರಿ. ನಾಲ್ಕು ಮಂದಿ ಹುಡುಗರು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ನಾಲ್ವರ ಕತ್ತೂ ಬಾಗಿರುತ್ತದೆ. ಒಬ್ಬನ ಮಾತು ಇನ್ನೊಬ್ಬನಿಗೆ ಬೇಡ. ಒಂದು ಕಾಲಕ್ಕೆ ಇದೇ ಬೆಂಚು ವಾದ, ಜಗಳ, ನಗೆ, ರಾಜಕೀಯಗಳಿಗೆಲ್ಲ ಪಾಠಶಾಲೆಯಾಗಿತ್ತು. ಸಂಘದ ಸಭೆಗೆ ಜನ ಕೂಡುತ್ತಿದ್ದುದೂ ಇಂಥ ಬೆಂಚುಗಳ ಮೇಲಿನ ಮಾತಿನಿಂದಲೇ. ಈಗ ಕರಪತ್ರ ಕೊಟ್ಟರೆ ಹುಡುಗ ಎಡಗೈಯಲ್ಲಿ ಇಸಿದುಕೊಂಡು ಬಲಗೈ ಹೆಬ್ಬೆರಳನ್ನು ಆಡಿಸುತ್ತಲೇ ಇರುತ್ತಾನೆ.

ಇದನ್ನು ಕಂಡು ಊರಿನ ಹಿರಿಯರು, ಸಭೆ ಸಮಾರಂಭಗಳ ಅಧ್ಯಕ್ಷರು, ಬಹುಮಾನ ವಿತರಣೆಗೆ ಬರುವ ಮಹನೀಯರು ಒಂದೇ ರಾಗ ಹಾಡುತ್ತಾರೆ: ಇಂದಿನ ಯುವಕರಿಗೆ ಮನೋನಿಗ್ರಹವಿಲ್ಲ, ಹಿರಿಯರಲ್ಲಿ ಭಕ್ತಿಯಿಲ್ಲ, ಓದಿನಲ್ಲಿ ಆಸಕ್ತಿಯಿಲ್ಲ. ಈ ಉಪದೇಶ ಮುಗಿಯುತ್ತಲೇ ವೇದಿಕೆಯ ಮೇಲಿನ ಮಹನೀಯರೇ ಕಿಸೆಯಿಂದ ಮೊಬೈಲು ತೆಗೆದು ನೋಡಿಕೊಳ್ಳುತ್ತಾರೆ! ಉಪದೇಶಕ್ಕೆ ಖರ್ಚಿಲ್ಲ, ಅದಕ್ಕೇ ಅದು ಇಷ್ಟು ಧಾರಾಳ. ತಪ್ಪೆಲ್ಲ ಹುಡುಗನ ಸ್ವಭಾವದ್ದೆಂದು ತೀರ್ಮಾನಿಸಿಬಿಟ್ಟರೆ ಆ ಹುಡುಗನ ಗೀಳಿನಿಂದ ಕೊಪ್ಪರಿಗೆ ತುಂಬಿಕೊಳ್ಳುವವರ ಹೆಸರನ್ನೇ ಎತ್ತಬೇಕಾಗಿಲ್ಲ. ಈ ಜಾಣತನವನ್ನು ನಾವು ಒಪ್ಪಲಾರೆವು.

ಹಾಗೆಂದು ಮೊಬೈಲನ್ನು ಬಾವಿಗೆಸೆಯಿರಿ ಎಂದು ಹೇಳುವ ಪೈಕಿಯೂ ನಾವಲ್ಲ. ತರಕಾರಿ ಮಾರುವ ಅಕ್ಕನಿಂದ ಹಿಡಿದು ಕಿರಾಣಿ ಅಂಗಡಿಯವರೆಗೆ ವ್ಯಾಪಾರಿ ಬಂಧುಗಳಿಗೆ ಇಂದು ಅದೇ ಗಲ್ಲಾ ಪೆಟ್ಟಿಗೆ. 2016ರಲ್ಲಿ ಬಂದ ಯು.ಪಿ.ಐ. ವ್ಯವಸ್ಥೆಯಿಂದ ಚಿಲ್ಲರೆಯ ತಕರಾರು ತಪ್ಪಿದೆ. ಪಾಳಿ ಬದಲಾದ ಸುದ್ದಿ, ವಿದ್ಯಾರ್ಥಿವೇತನದ ಅರ್ಜಿ, ಪಡಿತರದ ವಿಚಾರ, ದೂರದೂರಿನಲ್ಲಿ ದುಡಿಯುವ ಮಗನ ದನಿ, ಎಲ್ಲವೂ ಅದರಲ್ಲೇ. ಬಡವನ ಕೈಗೆ ಬಂದ ಒಳ್ಳೆಯ ಉಪಕರಣವನ್ನು ಕಿತ್ತುಕೊಳ್ಳುವ ಮಾತು ಬಡವನ ಪರವಾದ ಮಾತಾಗದು. ಇಂಟರ್ನೆಟ್ಟಿನ ದರ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ದರ ಏರಿದರೆ ಸಾಹುಕಾರನ ಮಗನಿಗೆ ಏನೂ ಆಗದು. ಗಿರಣಿಯವನ ಮಗಳು ಅರ್ಜಿ ತುಂಬಲಾಗದೆ ಕೂರುತ್ತಾಳೆ. ರೋಗಕ್ಕೆ ಮದ್ದು ಬೇಕು, ರೋಗಿಗೆ ದಂಡವಲ್ಲ.

ಈ ಯಂತ್ರ ಮಕ್ಕಳ ಕೈಗೆ ಬಂದ ಬಗೆಯನ್ನೂ ನೆನೆಯಬೇಕು. 2014ರಲ್ಲಿ ಒಂದು ಜಿ.ಬಿ. ಇಂಟರ್ನೆಟ್ಟಿಗೆ 250 ರೂಪಾಯಿಗೂ ಮೇಲಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಮೊದಮೊದಲು ಪುಕ್ಕಟೆಯಾಗಿಯೇ ಹಂಚಿತು. ಉಳಿದ ಕಂಪನಿಗಳೂ ದರ ಇಳಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಬೆಲೆ ಹತ್ತು ರೂಪಾಯಿಯ ಆಸುಪಾಸಿಗೆ ಬಂದು ನಿಂತಿತು. ಆಮೇಲೆ 2020ರ ಮಾರ್ಚಿಯಲ್ಲಿ ಕೋವಿಡ್ ಬಂದು ಶಾಲೆಗಳ ಬಾಗಿಲು ಮುಚ್ಚಿದುವು. ಪಾಠವೆಲ್ಲ ಪರದೆಯ ಮೇಲೆ ಎಂದಾಯಿತು. ಗದಗ ಜಿಲ್ಲೆಯಲ್ಲಿ ಒಬ್ಬ ತಾಯಿ ಚಂದನ ವಾಹಿನಿಯ ಪಾಠ ಮಕ್ಕಳಿಗೆ ತಪ್ಪದಿರಲೆಂದು ತಾಳಿಯನ್ನೇ ಅಡವಿಟ್ಟು ಟಿ.ವಿ. ತಂದ ಸುದ್ದಿಯನ್ನು ಆ ವರ್ಷ ನಾಡೆಲ್ಲ ಓದಿತು. ಅಂಥ ತಾಯಂದಿರು ಸಾಲ ಮಾಡಿ ಮೊಬೈಲನ್ನೂ ತಂದರು. ಮಗು ಓದಲೆಂದು ತಂದರೇ ಹೊರತು ಹಾಳಾಗಲೆಂದಲ್ಲ. ಶಾಲೆ ತೆರೆಯಿತು, ಕೈಗೆ ಬಂದ ಯಂತ್ರ ಮಾತ್ರ ಕೈಯಲ್ಲೇ ಉಳಿಯಿತು.

ಉಳಿದು ಏನು ಮಾಡುತ್ತಿದೆ? ಗ್ರಾಮಾಂತರದ ಮಕ್ಕಳ ಓದಿನ ಮಟ್ಟವನ್ನು ಅಳೆಯುವ ಅಸರ್ ವರದಿಯು ಇದಕ್ಕೆ ಉತ್ತರ ಕೊಡುತ್ತದೆ. 2024ರ ವರದಿಯ ಪ್ರಕಾರ 14ರಿಂದ 16 ವಯಸ್ಸಿನವರಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನು ಬಳಸಬಲ್ಲರು. ಆ ಬಲ್ಲವರ ಪೈಕಿ ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಅದನ್ನು ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು 76. ಇದೇ ಸಂಸ್ಥೆಯ 2023ರ ವರದಿಯಂತೆ 14ರಿಂದ 18 ವಯಸ್ಸಿನವರಲ್ಲಿ ಸುಮಾರು ಕಾಲುಭಾಗ ಮಂದಿಗೆ ತಮ್ಮ ನಾಡಭಾಷೆಯ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬಾರದು. ಓದು ಬಾರದಿರುವುದಕ್ಕೆ ಮೊಬೈಲೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮೇಷ್ಟರಿಲ್ಲದ ಶಾಲೆಗಳ ಕಥೆ ಅದಕ್ಕಿಂತ ಹಳೆಯದು. ಆದರೆ ಓದು ಕಲಿಯಲು ಉಳಿದಿದ್ದ ಹೊತ್ತೂ ಈಗ ಬೇರೆಯವರ ಪಾಲಾಗುತ್ತಿದೆಯೆಂಬುದು ಸ್ಪಷ್ಟ.

ಆ ಬೇರೆಯವರು ಯಾರು? ವ್ಯಾಪಾರ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ನಿಮ್ಮ ಬೀದಿಯಲ್ಲಿ ಹೊಸ ಅಂಗಡಿಯೊಂದು ತೆರೆಯಿತೆನ್ನಿ. ಯಾವ ಮಾಲಿಗೂ ದುಡ್ಡು ಕೇಳುವುದಿಲ್ಲ. ಹಗಲಿರುಳು ಬಾಗಿಲು ತೆರೆದೇ ಇರುತ್ತದೆ. ಆದರೂ ಒಡೆಯ ವರ್ಷ ವರ್ಷಕ್ಕೆ ಕೊಬ್ಬುತ್ತಾನೆ. ಆಗ ನೀವು ಕೇಳುವ ಮೊದಲ ಪ್ರಶ್ನೆ, ಇವನು ಮಾರುತ್ತಿರುವುದಾದರೂ ಏನನ್ನು ಎಂಬುದಲ್ಲವೆ? ಉತ್ತರವೂ ಸರಳ. ಬಂದ ಗಿರಾಕಿಯನ್ನೇ ಅವನು ಮಾರುತ್ತಿದ್ದಾನೆ. ಗಿರಾಕಿಯ ಕಣ್ಣು ಪರದೆಯ ಮೇಲೆ ಎಷ್ಟು ಹೊತ್ತು ನೆಟ್ಟಿರುತ್ತದೋ ಅಷ್ಟು ಹೊತ್ತನ್ನು ಜಾಹೀರಾತಿನವರಿಗೆ ಅಳೆದು ಕೊಡುತ್ತಿದ್ದಾನೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರಕ್ಕೂ ಒಡೆಯನಾದ ಮೆಟಾ ಎಂಬ ಅಮೆರಿಕದ ಕಂಪನಿಯ 2024ರ ವರಮಾನ 16,400 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ನೂರಕ್ಕೆ 97ಕ್ಕಿಂತ ಮೇಲ್ಪಟ್ಟ ಪಾಲು ಜಾಹೀರಾತಿನಿಂದಲೇ ಬಂದದ್ದು. ರೂಪಾಯಿಯ ಲೆಕ್ಕಕ್ಕೆ ತಂದರೆ ಇದು ಸುಮಾರು 14 ಲಕ್ಷ ಕೋಟಿ. ಇಡೀ ಕರ್ನಾಟಕ ಸರ್ಕಾರದ 2025-26ರ ಮುಂಗಡಪತ್ರದ ಗಾತ್ರ 4.09 ಲಕ್ಷ ಕೋಟಿ. ಆರು ಕೋಟಿಗೂ ಮಿಕ್ಕ ಜನರ ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿಗಳಿಗೆಲ್ಲ ನಾಡು ಒಂದು ವರ್ಷ ಖರ್ಚು ಮಾಡುವ ಹಣದ ಮೂರು ಪಟ್ಟಿಗೂ ಹೆಚ್ಚನ್ನು ಒಂದೇ ಕಂಪನಿ ಒಂದೇ ವರ್ಷದಲ್ಲಿ ಜಗತ್ತಿನ ಜನರ ಬಿಡುವಿನಿಂದ ಬಾಚಿಕೊಂಡಿತು. ಗಿರಣಿಗೆ ಹತ್ತಿ ಹೇಗೋ, ಈ ಉದ್ಯಮಕ್ಕೆ ನಮ್ಮ ಮಕ್ಕಳ ಹೊತ್ತು ಹಾಗೆ. ಒಂದು ವ್ಯತ್ಯಾಸವುಂಟು: ಹತ್ತಿ ಬೆಳೆದ ರೈತನಿಗೆ ಬೆಲೆಯೆಂದು ಏನಾದರೂ ಸಿಗುತ್ತದೆ, ಹೊತ್ತು ಕೊಟ್ಟ ಹುಡುಗನೇ ರೀಚಾರ್ಜಿಗೆ ಕೈಯಿಂದ ಹಣ ಹಾಕಬೇಕು.

ಹೊತ್ತೇ ಮಾಲೆಂದ ಮೇಲೆ ಹೆಚ್ಚು ಹೊತ್ತು ಹಿಡಿದಿಡುವ ಹಾಗೆ ಯಂತ್ರವನ್ನು ಕಟ್ಟುವುದು ಸಹಜವೇ. ಪತ್ರಿಕೆಗೆ ಕೊನೆಯ ಪುಟವುಂಟು, ಸಿನಿಮಾಕ್ಕೆ ಮುಕ್ತಾಯವುಂಟು. ಮೊಬೈಲಿನ ಪರದೆಗೆ ತುದಿಯೆಂಬುದಿಲ್ಲ. ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಇನ್ನೊಂದು ಬರುತ್ತದೆ. ಈ ತುದಿಯಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಎಂಬಾತನೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ಬಂದ ಇನ್ನೊಂದು ಚೆನ್ನಾಗಿರಬಹುದು, ಇಲ್ಲದಿರಬಹುದು. ಆ 'ಬಹುದು' ಎಂಬುದರಲ್ಲೇ ಗಾಳವಿರುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ವಿವರ 1957ರಲ್ಲಿ ಪುಸ್ತಕವಾಗಿ ಬಂತು. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಕ್ಕುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗನೆ ಕುಕ್ಕುವುದನ್ನು ಬಿಡುತ್ತಿತ್ತು. ಒಮ್ಮೆ ಸಿಕ್ಕಿ ಹಲವು ಸಲ ಸಿಕ್ಕದೆ, ಯಾವಾಗ ಸಿಕ್ಕೀತೆಂದು ತಿಳಿಯದ ಹಾಗೆ ಪಳಗಿದ ಹಕ್ಕಿಯಾದರೋ ಬಿಡದೆ ಕುಕ್ಕುತ್ತಲೇ ಇರುತ್ತಿತ್ತು.

ಗಿರಣಿ ಬಂಧುಗಳಿಗೆ ಪಾರಿವಾಳದ ಉದಾಹರಣೆಯೂ ಬೇಕಾಗಿಲ್ಲ, ಓ.ಸಿ. ಚೀಟಿಯ ಅನುಭವವೇ ಸಾಕು. ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುವುದರಿಂದ ಹುಟ್ಟಿದ ಜೂಜು ಅದು. ತಂತಿ ಬರುವುದು ನಿಂತ ಮೇಲೆ ಮಡಕೆಯೊಳಗಿನ ಚೀಟಿಯಿಂದ ಅಂಕಿ ಎತ್ತಿದರು. ಮಟಕಾ ಎಂಬ ಹೆಸರು ನಿಂತಿತು. ಮುಂಬಯಿಯ ಗಿರಣಿ ಬೀದಿಗಳಲ್ಲಿ ಬೆಳೆದು ನಮ್ಮ ಊರುಗಳಿಗೂ ಹಬ್ಬಿ ಎಷ್ಟು ಬಟವಾಡೆಗಳನ್ನು ಅದು ತಿಂದುಹಾಕಿತೆಂಬುದು ಎಲ್ಲರಿಗೂ ಗೊತ್ತು. ನಿನ್ನೆ ಒಂದು ಅಂಕಿ ತಪ್ಪಿತು, ಇಂದು ಬಂದೇ ಬರುತ್ತದೆ ಎಂಬ ಆಸೆಯ ಮೇಲೆ ಆ ಜೂಜು ನಡೆಯುತ್ತಿತ್ತು. ಇದೊಂದು ಸಪ್ಪೆ, ಮುಂದಿನದು ರಸವತ್ತಾಗಿರುತ್ತದೆ ಎಂಬ ಆಸೆಯ ಮೇಲೆ ಹುಡುಗನ ಹೆಬ್ಬೆರಳು ನಡೆಯುತ್ತದೆ. ಅಲ್ಲಿ ಬಟವಾಡೆ ಹೋಗುತ್ತಿತ್ತು, ಇಲ್ಲಿ ಆಯುಷ್ಯ ಹೋಗುತ್ತದೆ. ಇಂಥ ಯಂತ್ರದ ಎದುರಿಗೆ ಹದಿನೈದು ವರ್ಷದ ಪೋರನನ್ನು ಒಬ್ಬಂಟಿಯಾಗಿ ಕೂರಿಸಿ, ನಿನಗೆ ಮನೋನಿಗ್ರಹವಿಲ್ಲ ಎಂದು ಗದರಿಸುವುದು ಯಾವ ನ್ಯಾಯ?

ಕಂಪನಿಗಳಿಗೆ ಇದು ತಿಳಿಯದೆ ನಡೆದದ್ದೆಂದು ಯಾರಾದರೂ ಹೇಳಿದರೆ ಅದನ್ನೂ ನಂಬುವಂತಿಲ್ಲ. 2021ರಲ್ಲಿ ಫೇಸ್‌ಬುಕ್ ಕಂಪನಿಯಲ್ಲಿಯೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ ಎಂಬಾಕೆ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದಳು. ಇನ್‌ಸ್ಟಾಗ್ರಾಂ ನೋಡಿ ನೋಡಿ ತಮ್ಮ ರೂಪದ ಬಗೆಗೇ ಕೊರಗುವ ಹುಡುಗಿಯರ ವಿಚಾರವಾಗಿ ಕಂಪನಿ ತಾನೇ ಸಂಶೋಧನೆ ನಡೆಸಿತ್ತೆಂಬುದು ಅದರಿಂದ ಬಯಲಾಯಿತು. 2023ರ ಅಕ್ಟೋಬರಿನಲ್ಲಿ ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ಮಕ್ಕಳಿಗೆ ಗೀಳು ಹತ್ತಿಸಿದ ಆರೋಪದ ಮೇಲೆ ಆ ಕಂಪನಿಯ ಮೇಲೆ ದಾವೆ ಹೂಡಿದುವು. ಬಂಡವಾಳಗಾರರ ತವರುಮನೆಯಲ್ಲಿಯೇ ಹೀಗಾದರೆ ನಮ್ಮ ದೇಶದಲ್ಲಿ ಮಾತ್ರ ದೋಷವೆಲ್ಲ ಹುಡುಗರದೇ ಎನ್ನುವುದು ವಿಚಿತ್ರ.

ಈ ಗೀಳಿನಿಂದ ಮೈಮನಸ್ಸಿಗೆ ಆಗುವ ಕೇಡನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ವಿಡಿಯೋ ಆಟದ ಗೀಳು ಸೇರಿದೆ. ಮೊಬೈಲು ಹಿಡಿದ ಹುಡುಗರೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ. ಆದರೆ ನಮ್ಮ ವಾಚಕರ ಮನೆಗಳಿಗೆ ಹತ್ತಿರವಾದ ಅಪಾಯವೊಂದುಂಟು. ರಾತ್ರಿ ಎರಡರ ತನಕ ಪರದೆ ನೋಡಿದ ಹುಡುಗ ಬೆಳಿಗ್ಗೆ ಆರರ ಪಾಳಿಗೆ ಯಂತ್ರದ ಮುಂದೆ ನಿಲ್ಲುತ್ತಾನೆ. ತಿರುಗುವ ಚಕ್ರಕ್ಕೆ ಕನಿಕರವಿಲ್ಲ; ತೂಕಡಿಸಿದವನ ಬೆರಳನ್ನು ಅದು ಕೇಳಿ ಕತ್ತರಿಸುವುದಿಲ್ಲ. ಅಪಘಾತವಾದರೆ ಮಾಲಿಕ ತನಿಖೆಯಲ್ಲಿ ಹೇಳುವ ಮಾತು ಸಿದ್ಧವಾಗಿಯೇ ಇದೆ: ಕೆಲಸಗಾರನ ಅಜಾಗರೂಕತೆ. ಪರಿಹಾರವೂ ಅಲ್ಲಿಗೇ ಮುಗಿಯುತ್ತದೆ. ನಿದ್ರೆ ಹೋಯಿತೆಂದರೆ ಕೂಲಿಯವನಿಗೆ ಅನ್ನವೇ ಹೋದ ಹಾಗೆ.

ಮನೆಯೊಳಗೆ ನಡೆಯುವ ಇನ್ನೊಂದು ಅನ್ಯಾಯವನ್ನೂ ಮರೆಮಾಚುವಂತಿಲ್ಲ. ಮೊಬೈಲಿನ ಕೇಡಿನ ಮಾತು ಬಂದಾಗಲೆಲ್ಲ ಮೊದಲು ಕಿತ್ತುಕೊಳ್ಳುವುದು ಮಗಳ ಕೈಯಿಂದ. 2023ರ ಅಸರ್ ವರದಿಯ ಪ್ರಕಾರ ಸ್ಮಾರ್ಟ್‌ಫೋನು ಬಳಸಬಲ್ಲ 14ರಿಂದ 18 ವಯಸ್ಸಿನವರಲ್ಲಿ ಸ್ವಂತ ಫೋನುಳ್ಳ ಹುಡುಗರು ನೂರಕ್ಕೆ 43ರಷ್ಟು, ಹುಡುಗಿಯರು 20ರಷ್ಟು. ಮಗ ಬೀದಿಯಲ್ಲಿ ಕುಳಿತು ನಡುರಾತ್ರಿಯವರೆಗೆ ಆಡಬಹುದು. ಮಗಳು ಪಾಠದ ಟಿಪ್ಪಣಿ ತರಿಸಿಕೊಂಡರೂ ಅನುಮಾನ. ಗೀಳಿನ ಹೆಸರಿನಲ್ಲಿ ಹೆಣ್ಣುಮಕ್ಕಳ ಓದಿಗೆ ಬೀಗ ಹಾಕುವುದನ್ನು ನಾವು ಸುಧಾರಣೆಯೆಂದು ಕರೆಯಲಾರೆವು.

ಹಾಗಾದರೆ ಏನೂ ಮಾಡಲಾಗದೆ? ಕಾಲದ ಪ್ರವಾಹವೆಂದು ಕೈಕಟ್ಟಿ ಕೂಡಬೇಕೆ? ಇತ್ತೀಚಿನ ಒಂದು ಉದಾಹರಣೆ ಬೇರೆಯೇ ಪಾಠ ಹೇಳುತ್ತದೆ. 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ನಾಡು ನಮ್ಮದು. ಆ ಜೂಜೇ ಮುಂದೆ ಮೊಬೈಲಿನೊಳಗೆ ರಮ್ಮಿಯಾಗಿ, ಕ್ರಿಕೆಟ್ ಬಾಜಿಯಾಗಿ ಮರುಹುಟ್ಟು ಪಡೆಯಿತು. 2021ರಲ್ಲಿ ನಮ್ಮ ರಾಜ್ಯ ಅದರ ವಿರುದ್ಧ ಕಾಯ್ದೆ ಮಾಡಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದುವು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಇದನ್ನು ತಡೆಯುವುದು ಅಸಾಧ್ಯ, ಇದು ಕೌಶಲದ ಆಟ, ಇದರಿಂದ ಉದ್ಯೋಗವುಂಟು ಎಂದು ವಕೀಲಿ ಮಾಡಿದವರು ಎಷ್ಟೋ ಮಂದಿ. 2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಇಂಥ ಆಟಗಳಲ್ಲಿ ಜನರು ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂದು ಸರ್ಕಾರವೇ ಅಂದಾಜು ಹೇಳಿತು. ರಾಷ್ಟ್ರಪತಿಯವರ ಅಂಕಿತ ಬಿದ್ದ ಕೆಲವೇ ದಿನಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳು ಹಣದಾಟವನ್ನು ತಾವೇ ನಿಲ್ಲಿಸಿದುವು.

ಆ ಕಾಯ್ದೆಯಲ್ಲಿ ನಾವು ಮೆಚ್ಚುವ ಅಂಶವೊಂದಿದೆ. ಆಡಿದವನಿಗೆ ಶಿಕ್ಷೆಯಿಲ್ಲ, ಆಡಿಸಿದವನಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಹೊರದೇಶಗಳಿಂದ ಕಳ್ಳದಾರಿಯಲ್ಲಿ ನಡೆಯುವ ಬಾಜಿಯನ್ನು ಹಿಡಿಯುವ ಕೆಲಸ ಇನ್ನೂ ಉಳಿದಿದೆ, ನಿಜ. ಆದರೂ ತಪ್ಪು ಯಾರದೆಂಬುದನ್ನು ಕಾನೂನು ಮೊದಲ ಬಾರಿಗೆ ಸರಿಯಾಗಿ ಗುರುತಿಸಿತು. ಹೊರನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ದಕ್ಷಿಣ ಕೊರಿಯಾ 2011ರಲ್ಲಿ ನಡುರಾತ್ರಿಯ ಮೇಲೆ ಎಳೆಯರು ಆನ್‌ಲೈನ್ ಆಟ ಆಡಬಾರದೆಂದು ನಿಯಮ ಮಾಡಿ ಹತ್ತು ವರ್ಷಗಳ ಮೇಲೆ ಕೈಬಿಟ್ಟಿತು. ಆಸ್ಟ್ರೇಲಿಯವು 16 ವರ್ಷದೊಳಗಿನವರಿಗೆ ಜಾಲತಾಣದ ಖಾತೆ ಕೊಡಕೂಡದೆಂದು ಮಾಡಿದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. ಅದರಲ್ಲಿ ಮಗುವಿಗಾಗಲಿ ತಾಯಿತಂದೆಗಳಿಗಾಗಲಿ ದಂಡವಿಲ್ಲ. ನಿಯಮ ಮುರಿದ ಕಂಪನಿಗೆ ಸುಮಾರು 5 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ. ವಯಸ್ಸಿನ ಮಿತಿ ಎಷ್ಟಿರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಹೊಣೆಯನ್ನು ಲಾಭ ತಿಂದವನ ತಲೆಗೆ ಕಟ್ಟಬೇಕೆಂಬುದರಲ್ಲಿ ಎರಡು ಮಾತಿಲ್ಲ.

ನಮ್ಮ ದೇಶದಲ್ಲಿಯೂ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿದೆ. 18 ವರ್ಷದೊಳಗಿನವರ ಚಲನವಲನಗಳನ್ನು ಹಿಂಬಾಲಿಸಿ ಅವರಿಗೇ ಗುರಿಯಿಟ್ಟು ಜಾಹೀರಾತು ಬಿಡುವುದನ್ನು ಅದು ತಡೆಯುತ್ತದೆ. ತಪ್ಪಿದವರಿಗೆ 200 ಕೋಟಿ ರೂಪಾಯಿಯವರೆಗೆ ದಂಡ. ಆದರೆ ನಿಯಮಗಳು ಹೊರಬೀಳಲು 2025ರ ನವೆಂಬರ್ ಬರಬೇಕಾಯಿತು. ಅವು ಹೊರಬಿದ್ದಾಗ ಮುಖ್ಯ ಕಟ್ಟುಪಾಡುಗಳಿಗೆ ಕಂಪನಿಗಳಿಗೆ ಇನ್ನೂ 18 ತಿಂಗಳ ಅವಕಾಶ ಕೊಡಲಾಯಿತು. ಬಾಡಿಗೆ ಬಾಕಿಗೆ ಬಡವನಿಗೆ ಹದಿನೆಂಟು ದಿನವೂ ಸಿಗದ ನಾಡಿನಲ್ಲಿ ಕಂಪನಿಗಳಿಗೆ ಎಷ್ಟೊಂದು ಸೌಜನ್ಯ!

ಕಾನೂನು ಬರಲೆಂದು ಕಾದು ಕುಳಿತುಕೊಳ್ಳಬೇಕಾಗಿಯೂ ಇಲ್ಲ. ನಮ್ಮ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. 2022ರಲ್ಲಿ ಆ ಊರಿನವರು ಕೂಡಿ ಒಂದು ಕಟ್ಟುಮಾಡಿಕೊಂಡರು. ಸಂಜೆ 7 ಗಂಟೆಗೆ ಗುಡಿಯ ಮೇಲಿನ ಭೋಂಗಾ ಕೂಗಿದೊಡನೆ ಮನೆಮನೆಯಲ್ಲಿ ಟಿ.ವಿ., ಮೊಬೈಲು ಬಂದ್. 8.30ರವರೆಗೆ ಮಕ್ಕಳು ಓದಬೇಕು, ದೊಡ್ಡವರು ಮಾತನಾಡಬೇಕು. ಪಂಚಾಯತಿಯವರೂ ಊರಿನ ನಿವೃತ್ತ ಮೇಷ್ಟರೂ ಮನೆಮನೆಗೆ ಹೋಗಿ ಹೇಳಿದರು. ಒಬ್ಬ ತಂದೆ ತನ್ನ ಮಗನೊಬ್ಬನನ್ನೇ ತಡೆದರೆ ಅದು ಜಗಳವಾಗುತ್ತದೆ. ಊರೇ ಕೂಡಿ ತಡೆದರೆ ಅದು ವಾಡಿಕೆಯಾಗುತ್ತದೆ. ಗಿರಣಿಯ ಭೋಂಗಾ ಕೂಗಿಗೆ ಎದ್ದು ಓಡಿದ ಜನ ನಾವು. ಮನೆಯ ಬಿಡುವಿಗೂ ಒಂದು ಭೋಂಗಾ ಇರಲಿ ಎಂಬ ಆ ಹಳ್ಳಿಗರ ಯೋಚನೆ ನಮಗೆ ಬಹಳ ಹಿಡಿಸಿದೆ.

ಆದರೆ ಒಂದೂವರೆ ಗಂಟೆ ಮೊಬೈಲು ಕೆಳಗಿಟ್ಟ ಹುಡುಗ ಎಲ್ಲಿಗೆ ಹೋಗಬೇಕು? ಉಳ್ಳವರ ಮಗನಿಗೆ ಈಜುಕೊಳವುಂಟು, ಸಂಗೀತದ ಮೇಷ್ಟರುಂಟು, ಬೇಸಗೆಗೆ ಶಿಬಿರವುಂಟು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನರ ನಡುವೆ ಬೆಳೆಯುವ ಹುಡುಗನಿಗೆ ಆ ಪರದೆಯೇ ಕಿಟಕಿ, ಅದೇ ಅಂಗಳ. ಆಟದ ಬಯಲುಗಳು ನಿವೇಶನಗಳಾದುವು. ಗರಡಿಮನೆಗಳಿಗೆ ಬೀಗ ಬಿತ್ತು. ವಾಚನಾಲಯಕ್ಕೆ ಹೋದರೆ ಕುರ್ಚಿಯಿದ್ದಲ್ಲಿ ದೀಪವಿಲ್ಲ, ದೀಪವಿದ್ದಲ್ಲಿ ಹೊಸ ಪುಸ್ತಕವಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಷ್ಟು ಹಳೆಯದು. ಮನೆ, ಅಂಗಡಿಗಳ ಕಂದಾಯದ ಜೊತೆಗೆ ಗ್ರಂಥಾಲಯ ಕರವೆಂದು ರೂಪಾಯಿಗೆ ಆರು ಪೈಸೆಯಂತೆ ನಮ್ಮಿಂದ ವಸೂಲಾಗುತ್ತಲೇ ಇದೆ. ಅಂಗಡಿಯ ಕಂದಾಯ ಕಟ್ಟುವ ವ್ಯಾಪಾರಿ ಬಂಧುಗಳು ರಸೀದಿ ತೆಗೆದು ನೋಡಿಕೊಳ್ಳಲಿ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಕೇಂದ್ರ ಸರ್ಕಾರವು 18 ವರ್ಷದೊಳಗಿನವರ ಖಾತೆಗಳಲ್ಲಿ ತುದಿಯಿಲ್ಲದ ಪುಟವನ್ನೂ ತಾನಾಗಿ ಓಡುವ ವಿಡಿಯೋವನ್ನೂ ರಾತ್ರಿ ಹೊತ್ತು ಕರೆಯುವ ಗಂಟೆಯನ್ನೂ ನಿಲ್ಲಿಸುವಂತೆ ಕಂಪನಿಗಳಿಗೆ ಕಡ್ಡಾಯ ಮಾಡಬೇಕು. ದತ್ತಾಂಶ ಕಾಯ್ದೆಯನ್ನು ಗಡುವಿನ ಮೇಲೆ ಗಡುವು ಕೊಡದೆ ಜಾರಿಗೆ ತರಬೇಕು. ರಾಜ್ಯ ಸರ್ಕಾರವು ನಿಮ್ಹಾನ್ಸಿನಲ್ಲಿ ಸಿಗುವಂಥ ನೆರವು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುವಂತೆ ಮಾಡಬೇಕು. ಮಗನನ್ನು ಬೆಂಗಳೂರಿಗೆ ಕರೆದೊಯ್ಯಲು ಮೂರು ದಿನದ ಕೂಲಿ ಬಿಡುವ ಶಕ್ತಿ ಎಲ್ಲರಿಗೂ ಇಲ್ಲ. ನಮ್ಮ ಪೌರಾಡಳಿತವು ಗ್ರಂಥಾಲಯ ಕರದ ಲೆಕ್ಕವನ್ನು ಜನರ ಮುಂದಿಟ್ಟು, ವಾಚನಾಲಯವನ್ನು ರಾತ್ರಿ 9ರವರೆಗೆ ತೆರೆದಿಟ್ಟು, ಪ್ರತಿ ಬಡಾವಣೆಗೆ ಒಂದು ಆಟದ ಬಯಲನ್ನಾದರೂ ಉಳಿಸಬೇಕು.

ಸಂಘಗಳಿಗೂ ಕೆಲಸವಿದೆ. ಗಿರಣಿ ಕಾರ್ಮಿಕ ಸಂಘವೂ ವರ್ತಕರ ಸಂಘವೂ ಕೂಡಿ ಸಂಜೆಯ ಒಂದು ಗಂಟೆಯನ್ನು ಗೊತ್ತುಮಾಡಲಿ. ಸಂಘದ ಕಚೇರಿಯಲ್ಲೇ ಕೇರಂ ಹಲಗೆ, ಪತ್ರಿಕೆ, ಪಾಠ ಹೇಳುವ ಒಬ್ಬ ಮೇಷ್ಟರು ಇರಲಿ. ಮನೆಯಲ್ಲಿ ಆ ಗಂಟೆಗೆ ಮೊದಲು ಕೆಳಗಿಡಬೇಕಾದದ್ದು ತಂದೆಯ ಮೊಬೈಲು. ಅಳುವ ಕೂಸಿನ ಬಾಯಿ ಮುಚ್ಚಿಸಲು ಅಂಗಡಿಯ ಗಲ್ಲಾದ ಪಕ್ಕದಲ್ಲಿ ಅದರ ಕೈಗೆ ಮೊಬೈಲು ಕೊಡುವ ರೂಢಿಯನ್ನೂ ಬಂಧುಗಳು ಬಿಡಬೇಕು. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬುದು ನಮ್ಮವರೇ ಹೇಳಿದ ಗಾದೆ.

ಕೊನೆಯದಾಗಿ ನಮ್ಮ ತರುಣರಲ್ಲಿ ಒಂದು ಮಾತು. ನಿಮ್ಮನ್ನು ದೂರುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ನಿಮ್ಮ ಅಜ್ಜಂದಿರು ಮಾಲಿಕನ ಗಡಿಯಾರದೊಡನೆ ಹೋರಾಡಿ ದಿನಕ್ಕೆ ಕೆಲವು ಗಂಟೆಗಳನ್ನು ಬಿಡಿಸಿಕೊಂಡು ಬಂದರು. ಆ ಗಂಟೆಗಳಲ್ಲಿ ಅವರು ಅಕ್ಷರ ಕಲಿತರು, ನಾಟಕ ಆಡಿದರು, ಕುಸ್ತಿ ಹಿಡಿದರು, ಸಂಘ ಕಟ್ಟಿದರು. ಬಿಡುವಿರುವ ಕೂಲಿಕಾರ ಯೋಚಿಸಬಲ್ಲ, ಯೋಚಿಸುವ ಕೂಲಿಕಾರ ಪ್ರಶ್ನೆ ಕೇಳಬಲ್ಲ ಎಂಬುದು ಮಾಲಿಕರಿಗೆ ಅಂದಿನಿಂದಲೂ ಗೊತ್ತು. ಆ ಗಂಟೆಗಳು ಈಗ ನಿಮ್ಮ ಹೆಸರಿಗಿವೆ. ಅವನ್ನು ನೀವು ನಗುವುದಕ್ಕೆ ಬಳಸಿರಿ, ಹಾಡುವುದಕ್ಕೆ ಬಳಸಿರಿ, ಬೇಕಾದರೆ ಸುಮ್ಮನೆ ಮರದ ಕೆಳಗೆ ಮಲಗುವುದಕ್ಕೂ ಬಳಸಿರಿ. ಯಾರೂ ಲೆಕ್ಕ ಕೇಳುವುದಿಲ್ಲ. ಏಳು ಸಮುದ್ರದಾಚೆ ಕುಳಿತವನೊಬ್ಬನು ಅವನ್ನು ಸಗಟಿನಲ್ಲಿ ಮಾರಿಕೊಳ್ಳಲು ಮಾತ್ರ ಬಿಡಬೇಡಿರಿ.

ಸಂಬಳದಲ್ಲಿ ಒಂದು ರೂಪಾಯಿ ಕಡಿತವಾದರೆ ಗಿರಣಿಯ ಬಾಗಿಲಲ್ಲಿ ಗದ್ದಲವೇಳುತ್ತದೆ, ಏಳಬೇಕಾದದ್ದೇ. ದಿನಕ್ಕೆ ನಾಲ್ಕು ಗಂಟೆ ಕಡಿತವಾಗುತ್ತಿರುವಾಗ ಸುಮ್ಮನಿರುವುದು ತರವಲ್ಲ.